ಹೆಣ ಮುಟ್ಟಿದ ಕೈ

ಹೆತ್ತ ತಾಯಿ ಸತ್ತ ದಿನ ಕಲ್ಯಾಣಪ್ಪನಿಗೆ ಅವಳನ್ನು ಮುಟ್ಟಲು ಬಿಡಲಿಲ್ಲ. ತಡೆದವನು ಹೊರಗಿನವನಲ್ಲ, ಒಡಹುಟ್ಟಿದ ಅಣ್ಣ ದೌಲತರಾಯ.

ನಿಂಬರ್ಗಾದ ಮನೆಯ ಪಡಸಾಲೆಯಲ್ಲಿ ತಾಯಿ ಗುರುಬಾಯಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈತೊಳೆದು, ವಿಭೂತಿ ಹಚ್ಚಿ, ಕಾಲು ಮಡಿಸಿ, ಕೊರಳಲ್ಲಿದ್ದ ಲಿಂಗವನ್ನು ದಾರದ ಸಮೇತ ತೆಗೆದು ಎಡಗೈಯಲ್ಲಿಟ್ಟು, ಕೂತವರನ್ನು ಕೂತಂತೆಯೇ ಮಣ್ಣಿಗೆ ಕೊಡುತ್ತಾರೆ. ಆಳಂದದಿಂದ ಓಡಿಬಂದ ಕಲ್ಯಾಣಪ್ಪ ನೋಡಿದಾಗ ತಾಯಿಯ ತಲೆ ಒಂದು ಪಕ್ಕಕ್ಕೆ ವಾಲಿತ್ತು. ವಾಲಿದ ತಲೆಯನ್ನು ನೆಟ್ಟಗೆ ನಿಲ್ಲಿಸುವುದು ಆ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಒಂದು ಕಾಲು ಒಳಗಿಟ್ಟು ಕೈ ಚಾಚಿದ. ದೌಲತರಾಯ ನಡುವೆ ಬಂದು ನಿಂತ.

"ನೀ ಮುಟ್ಟಬ್ಯಾಡೋ ಕಲ್ಯಾ. ನಿನ್ನ ಕೈ ಎಲ್ಲೆಲ್ಲಿ ಹೊಕ್ಕು ಬಂದಾವೋ ನಮಗೇನ್ ಗೊತ್ತು. ಹೊರಗ ಕೂಡು."

ಕಲ್ಯಾಣಪ್ಪ ಹೊರಗೆ ಕಟ್ಟೆಯ ಮೇಲೆ ಕೂತ. ಇಡೀ ಊರು ಒಳಗೆ ಹೋಗಿ ತಾಯಿಯ ಪಾದ ಮುಟ್ಟಿ ಬಂತು. ಅವನು ಮಾತ್ರ ಮುಟ್ಟಲಿಲ್ಲ. ದೌಲತರಾಯನ ತಲೆಯ ಮೇಲೆ ಗೋಡೆಯಲ್ಲಿ ಬಸವಣ್ಣನ ಪಟವಿತ್ತು. ಅದರ ಕೆಳಗೆ ಕೂತು ಅಣ್ಣ ಪ್ರತಿ ಸೋಮವಾರ ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಊರವರಿಗೆ ತಿಳಿಹೇಳುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಇಂಥವರನ್ನು ಕಂಡೇ ಇರಬೇಕು.

ಕಲ್ಯಾಣಪ್ಪ ಕೇಳಿ ಪಡೆದ ಕೆಲಸವೇನೂ ಅದಲ್ಲ. ಆಳಂದದ ದವಾಖಾನೆಯಲ್ಲಿ ವಾರ್ಡಿನ ಜವಾನನೆಂದು ಸೇರಿದ್ದ. ಸೇರಿಸಿದವನೂ ಇದೇ ಅಣ್ಣ. ಹೆಣದ ಮನೆಯ ಮುದುಕ ತೀರಿಕೊಂಡಾಗ, ಮೂರು ತಿಂಗಳ ಮಟ್ಟಿಗೆ ನೋಡಿಕೋ ಎಂದು ಅವನನ್ನು ಆ ಕಡೆ ಕಳಿಸಿದರು. ಆ ಮೂರು ತಿಂಗಳು ಇಪ್ಪತ್ತೆರಡು ವರ್ಷವಾಯಿತು. ಬಾವಿಗೆ ಬಿದ್ದವರು, ಹುಳದ ಎಣ್ಣೆ ಕುಡಿದವರು, ಬದುವಿನ ಜಗಳಕ್ಕೆ ಕೊಡಲಿಯ ಪೆಟ್ಟು ತಿಂದವರು, ಎಲ್ಲರೂ ಅವನ ಕೈ ಮೇಲೆಯೇ ಹಾದು ಹೋದರು. ಕೊಯ್ಯುವುದು, ಹೊಲಿಯುವುದು, ತೊಳೆದು ಬಿಳಿ ಬಟ್ಟೆ ಸುತ್ತಿ ಒಪ್ಪಿಸುವುದು ಅವನ ಕೆಲಸ. ವಿಷದ ಅನುಮಾನವಿದ್ದರೆ ಕರುಳಿನ ತುಂಡನ್ನು ಬಾಟಲಿಗೆ ಹಾಕಿ, ಉಪ್ಪುನೀರು ತುಂಬಿ, ಅರಗು ಒತ್ತಿ, ಲ್ಯಾಬಿಗೆ ಒಯ್ಯುವ ಪೊಲೀಸನ ಕೈಗೆ ಕೊಡುವುದೂ ಅವನದೇ.

ಕಲಿಸಿದವರು ಡಾಕ್ಟರ್ ಶರಫುದ್ದೀನ ಸಾಹೇಬರು. ಕೊಯ್ಯುವಾಗ ಅವರಿಗೆ ಪ್ರಶ್ನೆ ಕೇಳುವ ಚಟ. ಕೇಳಲು ಹೆಣ ಬಿಟ್ಟರೆ ಕಲ್ಯಾಣಪ್ಪನೊಬ್ಬನೇ ಇರುತ್ತಿದ್ದುದರಿಂದ ಅವನನ್ನೇ ಕೇಳುತ್ತಿದ್ದರು.

"ಬೆನ್ನು ಯಾಕ ಕೆಂಪಾಗ್ಯಾದ, ಹೇಳು ನೋಡೋಣು?"

"ಅಂಗಾತ ಮಲಗಿ ಸತ್ತಾನ್ರಿ ಸಾಹೇಬ್ರ. ರಕ್ತ ಕೆಳಗ ಇಳದದ."

"ಶಾಬಾಶ್. ದವಡಿ ಬಿಗದದ, ಕಾಲು ಇನ್ನಾ ಮೆತ್ತಗ ಅದಾವ. ಎಷ್ಟ್ ತಾಸಾತು?"

ಹೀಗೆ ಕೇಳಿಸಿಕೊಂಡು ಕೇಳಿಸಿಕೊಂಡು ನಾಲ್ಕನೆಯ ಇಯತ್ತೆ ಓದಿದ ಕಲ್ಯಾಣಪ್ಪ ಸಾವಿನ ಗಡಿಯಾರ ಓದಲು ಕಲಿತ. ಹೆಣ ಮೊದಲು ತಣ್ಣಗಾಗುತ್ತದೆ, ಆಮೇಲೆ ದವಡೆಯಿಂದ ಹಿಡಿದು ಕಾಲಿನವರೆಗೆ ಸೆಟೆಯುತ್ತದೆ, ಒಂದೂವರೆ ದಿನಕ್ಕೆ ಮತ್ತೆ ಸಡಿಲಾಗುತ್ತದೆ. ಬೇಸಿಗೆಯಲ್ಲಿ ಇದೆಲ್ಲ ಎರಡು ಪಟ್ಟು ಬೇಗ. ಗಾಳಿಯಲ್ಲಿ ಒಂದು ವಾರದಲ್ಲಿ ಕೆಡುವ ದೇಹ ನೀರಿನಲ್ಲಿ ಎರಡು ವಾರ ತಡೆಯುತ್ತದೆ, ಮಣ್ಣಿನಲ್ಲಿ ಎಂಟು ವಾರ. ಹೂತ ಹೆಣವನ್ನು ಮತ್ತೆ ತೆಗೆಸಿದ್ದನ್ನೂ ಅವನು ಮೂರು ಸಲ ಕಂಡಿದ್ದ: ತೊಗರಿ ಹೊಲದ ಗುಂಡಿಯಲ್ಲಿ ಹೂತವನೊಬ್ಬ, ಖಬರಸ್ತಾನದಲ್ಲಿ ಬರೀ ಕಫನ್ ಬಟ್ಟೆ ಸುತ್ತಿ ಇಟ್ಟ ಮುದುಕಿಯೊಬ್ಬಳು, ತಿಪ್ಪೆಯ ಪಕ್ಕದ ಮಣ್ಣಿನಲ್ಲಿ ಹೂತ ಕೂಸೊಂದು. ವರ್ಷದೊಳಗೆ ಕರಿಮಣ್ಣು ಮೂವರನ್ನೂ ಎಲುಬು ಮಾಡಿತ್ತು. "ಮಾಂಸ ಮರೀತದ ಕಲ್ಯಾಣಪ್ಪ, ಎಲುಬು ಮರಿಯಾಂಗಿಲ್ಲ" ಎಂದಿದ್ದರು ಸಾಹೇಬರು. ಆ ಮಾತು ಅವನ ತಲೆಯಲ್ಲಿ ಬೇರೂರಿತು.

ತಾಯಿಯ ಸಂಕಟವನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಮಗಳದು.

ಹೆಂಡತಿ ತೀರಿಹೋಗಿ ಇಪ್ಪತ್ತು ವರ್ಷ. ಇದ್ದವಳು ಒಬ್ಬಳೇ ಮಗಳು, ಶಾರದಾಬಾಯಿ. ಬಾಲವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಕೆಲಸದಿಂದ ಬಂದ ಅಪ್ಪನ ಕೈಗೆ ತಾನೇ ನೀರು ಹಾಕುವಳು, ಆ ಕೈಯಿಂದಲೇ ಜಡೆ ಹಾಕಿಸಿಕೊಂಡು ಬೆಳೆದವಳು. ಮೂರು ಕಡೆಯಿಂದ ಕೇಳಿ ಬಂದಿದ್ದರು. ಮೂರೂ ಸಲ ಹುಡುಗಿ ಮೆಚ್ಚಿಗೆಯಾಗಿ, ಹಿರಿಯರನ್ನು ವಿಚಾರಿಸಲು ನಿಂಬರ್ಗಾಕ್ಕೆ ಹೋದರು, ಹೋದವರು ತಿರುಗಿ ಬರಲಿಲ್ಲ. ದೌಲತರಾಯ ಸುಳ್ಳು ಹೇಳುವವನಲ್ಲ. ಅದೇ ಅವನ ಹೆಮ್ಮೆ. "ಹುಡುಗಿ ಬಂಗಾರದಂಥಾಕಿ. ಆದ್ರ ಹೇಳದ ಹ್ಯಾಂಗಿರಲಿ? ನನ್ನ ತಮ್ಮ ಹೆಣಾ ಕೊಯ್ಯೋ ಕೆಲಸ ಮಾಡ್ತಾನ" ಎಂದು ಚಹಾ ಕೊಟ್ಟು ಹೇಳಿ ಕಳಿಸುತ್ತಿದ್ದ.

ಶಾರದಾಳಿಗೆ ಇಪ್ಪತ್ತೆಂಟು ತುಂಬಿತು. ಆ ವರ್ಷ, ಅಂದರೆ ಎಂಬತ್ತೈದರ ಬೇಸಿಗೆಯಲ್ಲಿ, ಗೊಬ್ಬೂರದ ಶಾಲಾ ಮಾಸ್ತರನೊಬ್ಬನ ಕಡೆಯವರು ನೋಡಿ ಹೋದರು. ಹುಡುಗ ಒಳ್ಳೆಯವನು. ಶಾರದಾ ಆ ದಿನ ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ಗುನುಗಿದ್ದನ್ನು ಕಲ್ಯಾಣಪ್ಪ ಬಾಗಿಲ ಮರೆಯಿಂದ ಕೇಳಿಸಿಕೊಂಡ. ಎಷ್ಟು ವರ್ಷಗಳ ಮೇಲೆ ಕೇಳಿದ ದನಿ ಅದು! ಕಾರಹುಣ್ಣಿಮೆ ಮುಗಿಸಿಕೊಂಡು ನಿಂಬರ್ಗಾಕ್ಕೆ ಹೋಗಿ ವಿಚಾರಿಸುತ್ತೇವೆ ಎಂದು ಗೊಬ್ಬೂರದವರು ಹೇಳಿ ಹೋಗಿದ್ದರು.

ಅವರು ಹೋಗುವಾಗ ಅಲ್ಲಿ ದೌಲತರಾಯ ಇರಬಾರದು. ಯೋಚನೆ ಮೊದಲು ಇಷ್ಟೇ ಬಂತು, ಒಂದು ಸಣ್ಣ ತೊಡಕನ್ನು ಬಿಡಿಸುವಂತೆ. ಅದು ಕೊಲೆ ಎಂಬ ಮಾತು ತಲೆಗೆ ಹೊಳೆಯುವ ಹೊತ್ತಿಗೆ ಅರ್ಧ ದಾರಿ ಕ್ರಮಿಸಿ ಆಗಿತ್ತು.

ಉಳಿದವರು ಕೊಂದು ಸಿಕ್ಕಿಬೀಳುವುದನ್ನು ಅವನು ಇಪ್ಪತ್ತೆರಡು ವರ್ಷ ನೋಡಿದ್ದ. ಅವರೆಲ್ಲ ಮಾಡುವ ತಪ್ಪು ಒಂದೇ: ಕೊಲ್ಲುವ ತನಕ ಯೋಚಿಸುತ್ತಾರೆ, ಕೊಂದ ಮೇಲಿನ ದೇಹವನ್ನು ಮರೆಯುತ್ತಾರೆ. ಕಲ್ಯಾಣಪ್ಪ ತಲೆಕೆಳಗಾಗಿ ಯೋಚಿಸಿದ. ಅಣ್ಣನ ದೇಹ ಯಾರ ಕೈಗೆ ಹೋಗುತ್ತದೆ? ಮನೆಯಲ್ಲಿ ಹಾಸಿಗೆ ಮೇಲೆ ಸತ್ತ ಅರವತ್ತು ದಾಟಿದವನನ್ನು ಯಾರೂ ದವಾಖಾನೆಗೆ ಒಯ್ಯುವುದಿಲ್ಲ. ಕೂರಿಸಬೇಕು. ಬಿಸಿಲಿನಲ್ಲಿ ದೇಹ ಎರಡು ಮೂರು ತಾಸಿಗೇ ಸೆಟೆಯತೊಡಗುತ್ತದೆ. ಮಲಗಿದಂತೆಯೇ ಸೆಟೆದವನ ಕಾಲು ಮಡಿಸುವುದು ಮನೆಯವರಿಗೆ ಸಾಧ್ಯವಿಲ್ಲ. ಆಗ ಯಾರನ್ನು ಕರೆಯುತ್ತಾರೆ? ಇಡೀ ತಾಲ್ಲೂಕಿನಲ್ಲಿ ಸೆಟೆದ ಕೀಲನ್ನು ಮುರಿಯದೆ ಸಡಿಲಿಸಬಲ್ಲ ಕೈ ಒಂದೇ ಇತ್ತು. ತಾಯಿಯನ್ನು ಮುಟ್ಟಬೇಡ ಎನಿಸಿಕೊಂಡ ಕೈಯನ್ನು ಕಾಲು ಹಿಡಿದು ಕರೆಯುತ್ತಾರೆ. ಮುಖಕ್ಕೆ ವಿಭೂತಿ ಬಳಿಯುವವನು ಅವನೇ, ರುಮಾಲು ಸುತ್ತುವವನು ಅವನೇ, ತಲೆ ವಾಲದಂತೆ ಕೊರಳಿಗೆ ಬಟ್ಟೆ ಕಟ್ಟಿ ಗೋಡೆಯ ಗೂಟಕ್ಕೆ ಬಿಗಿಯುವವನೂ ಅವನೇ. ಕೊರಳ ಮೇಲಿನ ಗುರುತು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ.

ಮುಂದೆಂದಾದರೂ ಮಣ್ಣಿನಿಂದ ತೆಗೆಸಿದರೂ ಹೆದರಿಕೆಯಿಲ್ಲ. ಕೈಯಿಂದ ಹಿಸುಕಿದರೆ ಗಂಟಲಿನ ಸಣ್ಣ ಎಲುಬು ಮುರಿಯುತ್ತದೆ, ಅದು ಎಷ್ಟು ವರ್ಷವಾದರೂ ಸಾಕ್ಷಿ ಹೇಳುತ್ತದೆ. ಮೆತ್ತನೆ ಶಲ್ಯವಾದರೆ ಎಲುಬಿಗೆ ಏನೂ ಆಗುವುದಿಲ್ಲ. ಗುರುತೆಲ್ಲ ಚರ್ಮದ ಮೇಲೆ, ಮಾಂಸದ ಮೇಲೆ. ಮಾಂಸ ಮರೆಯುತ್ತದೆ.

ಅಫಜಲಪುರದಲ್ಲಿ ಬೀಗರ ಮದುವೆಯಿದ್ದ ದಿನ ದೌಲತರಾಯನ ಹೆಂಡತಿ ಸುಭದ್ರಾಬಾಯಿ, ಮಗ ಮಲ್ಕಪ್ಪ, ಸೊಸೆ, ಎಲ್ಲರೂ ಹೋಗಿದ್ದರು. ಮೊಣಕಾಲು ನೋವೆಂದು ದೌಲತರಾಯ ಉಳಿದ. ಅದೇ ದಿನ ಆಳಂದದ ಹೊಸ ಡಾಕ್ಟರು ಸಾಕ್ಷಿ ಹೇಳಲು ಗುಲ್ಬರ್ಗದ ಕೋರ್ಟಿಗೆ ಹೋಗಿದ್ದರು; ಶರಫುದ್ದೀನ ಸಾಹೇಬರಿಗೆ ಜೇವರ್ಗಿಗೆ ವರ್ಗವಾಗಿ ಎರಡು ವರ್ಷವಾಗಿತ್ತು. ಹೆಣದ ಮನೆಯಲ್ಲಿ ವಾರಸುದಾರರಿಲ್ಲದ ಹೆಣವೊಂದು ಡಾಕ್ಟರಿಗಾಗಿ ಕಾದಿತ್ತು. ಕಲ್ಯಾಣಪ್ಪ ಮುಂದಿನ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದ. ಹೆಣದ ಮನೆಯ ಬಾಗಿಲು ಮುಚ್ಚಿದ್ದರೆ ಏಕೆಂದು ಬಡಿದು ಕೇಳುವ ಗಂಡಸು ಆಳಂದದಲ್ಲಿ ಇನ್ನೂ ಹುಟ್ಟಿರಲಿಲ್ಲ. ಹಿಂದಿನ ಬಾಗಿಲಿನಿಂದ ಸೈಕಲ್ ತಳ್ಳಿಕೊಂಡು ಹೊರಬಿದ್ದ.

ನಿಂಬರ್ಗಾ ಸೇರಿದಾಗ ಬಿಸಿಲು ಊರನ್ನು ಒಳಗೆ ಅಟ್ಟಿಬಿಟ್ಟಿತ್ತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಹಿತ್ತಲ ದಾರಿಯಿಂದ ಒಳಹೊಕ್ಕ. ದೌಲತರಾಯ ಪಡಸಾಲೆಯ ಹೊರಸಿನ ಮೇಲೆ ಬರೀ ಮೈಯಲ್ಲಿ ಕೂತಿದ್ದ. ಕೊರಳಲ್ಲಿ ಲಿಂಗದ ಶಿವದಾರ, ಹೆಗಲ ಮೇಲೆ ಒಂದು ಶಲ್ಯ. ನಿದ್ದೆಗಣ್ಣಿನಲ್ಲಿ ತಮ್ಮನನ್ನು ನೋಡಿ ಗಾಬರಿಯಾಗಲಿಲ್ಲ, ಹಿತ್ತಲಿಂದ ಏಕೆ ಬಂದೆ ಎಂದೂ ಕೇಳಲಿಲ್ಲ.

"ಕಲ್ಯಾ? ಈ ಬಿಸಲಾಗ ಯಾಕ ಬಂದ್ಯೋ? ಉಂಡೀಯೇನು?"

ಕಲ್ಯಾಣಪ್ಪ ಎಲ್ಲವನ್ನೂ ಯೋಚಿಸಿದ್ದ, ಈ ಪ್ರಶ್ನೆಯನ್ನು ಯೋಚಿಸಿರಲಿಲ್ಲ. ನಾಲಿಗೆ ತನ್ನಷ್ಟಕ್ಕೆ ನಿಜ ಹೇಳಿಬಿಟ್ಟಿತು. "ಇಲ್ಲಣ್ಣಾ."

"ಮಾರಿ ನೋಡು ಹ್ಯಾಂಗ ಬಾಡ್ಯಾದ. ಇಲ್ಲೇ ಕೂಡು. ಮನ್ಯಾಗ ಯಾರೂ ಇಲ್ಲ, ನಾನೇ ರೊಟ್ಟಿ ತರ್ತೇನಿ."

ಇಲ್ಲೇ ಕೂಡು. ಒಳಗೆ ಬರಬೇಡ ಎಂಬುದೂ ಆ ಮಾತಿನಲ್ಲಿತ್ತು, ಹಸಿದಿದ್ದೀಯ ಎಂಬುದೂ ಇತ್ತು. ದೌಲತರಾಯ ಹಾಗೇ ಇದ್ದವನು. ಅಪ್ಪ ಸತ್ತಾಗ ಕಲ್ಯಾಣಪ್ಪನಿಗೆ ಐದು ವರ್ಷ, ಅಣ್ಣನಿಗೆ ಇಪ್ಪತ್ತು. ಕಂಡವರ ಹೊಲದಲ್ಲಿ ದುಡಿದು ಬಂದು, ರೊಟ್ಟಿಯ ಮೇಲೆ ಉಪ್ಪು ಖಾರ ಸವರಿ ತಮ್ಮನಿಗೆ ಕೊಟ್ಟು, ತಾನು ನೀರು ಕುಡಿದು ಮಲಗಿದ ದಿನಗಳು ಎಷ್ಟೋ. ಕಲ್ಯಾಣಪ್ಪನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಒಲೆಯ ಮುಂದೆ ಗುನುಗಿದ ಮಗಳು ನೆನಪಾದಳು. ಅಣ್ಣ ಮೊಣಕಾಲು ಹಿಡಿದುಕೊಂಡು ಎದ್ದು, ಅಡುಗೆ ಮನೆಯ ಕಡೆ ಬೆನ್ನು ತಿರುಗಿಸಿದ್ದ. ಶಲ್ಯ ಅವನ ಹೆಗಲ ಮೇಲೆಯೇ ಇತ್ತು.

ಬಹಳ ಹೊತ್ತು ಹಿಡಿಯಲಿಲ್ಲ. ಮುಗಿದ ಮೇಲೆ ಕಲ್ಯಾಣಪ್ಪ ಅಣ್ಣನನ್ನು ಹೊರಸಿನ ಮೇಲೆ ಅಂಗಾತ ಮಲಗಿಸಿದ. ರಕ್ತ ಬೆನ್ನಿಗಿಳಿಯಲಿ, ಮಲಗಿದಲ್ಲೇ ಹೋದಂತೆ. ಕಣ್ಣಿನ ಬಿಳಿಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಎದ್ದಿದ್ದವು, ರೆಪ್ಪೆ ಮುಚ್ಚಿ ಸ್ವಲ್ಪ ಹೊತ್ತು ಬೆರಳು ಇಟ್ಟುಕೊಂಡ. ಶಲ್ಯವನ್ನು ಗದ್ದದವರೆಗೆ ಹೊದಿಸಿದ. ಅಡುಗೆ ಮನೆಯ ಕಡೆ ನೋಡಲಿಲ್ಲ. ಬಂದ ದಾರಿಯಲ್ಲೇ ಹೋಗಿ, ಹಿಂದಿನ ಬಾಗಿಲಿನಿಂದ ಒಳಸೇರಿ, ಅಗಳಿ ತೆಗೆದು, ಹೊರಗೆ ಬಂದು ದವಾಖಾನೆಯ ಕಟ್ಟೆಯ ಮೇಲೆ ನರ್ಸ್ ಹಜರಾಬಿ ಬಾಯಿಯ ಎದುರಿಗೇ ಕೂತು ಚಹಾ ಕುಡಿದ.

"ಮುಂಜಾನಿಂದ ಆ ವಾಸನ್ಯಾಗ ಕುಂತೀದಿ, ಹ್ಯಾಂಗ ಇರ್ತೀಯಪಾ" ಎಂದಳು ಅವಳು.

ಅವನು ಎಣಿಸಿದಂತೆಯೇ ಆಯಿತು. ಸಂಜೆಗೆ ಮುಂಚೆ ಮಲ್ಕಪ್ಪ ಯಾರದೋ ಮೋಟರ್ ಸೈಕಲ್ ಮೇಲೆ ಬಂದು ಅತ್ತ. "ಕಾಕಾ, ಅಪ್ಪ ಹೋದ. ಮೈ ಕಟಗಿ ಆಗ್ಯಾದ, ಕಾಲು ಮಡಚವಲ್ಲವು. ನೀವೇ ಬರಬೇಕ್ರಿ."

ಕಲ್ಯಾಣಪ್ಪನನ್ನು ಕಂಡ ಕೂಡಲೇ ಪಡಸಾಲೆಯಲ್ಲಿದ್ದವರು ದಾರಿ ಬಿಟ್ಟರು. ಸುಭದ್ರಾಬಾಯಿ ಅವನ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. ಬಿಸಿನೀರು ತರಿಸಿದ. ಮೊದಲು ದವಡೆ, ಆಮೇಲೆ ಹೆಗಲು, ಸೊಂಟ, ಮೊಣಕಾಲು. ನೋಯುವ ಮೊಣಕಾಲನ್ನು ತಿಕ್ಕುವಾಗ, ಇನ್ನು ನೋಯುವುದಿಲ್ಲ ಎಂದು ಗೊತ್ತಿದ್ದೂ, ಮೆಲ್ಲಗೆ ತಿಕ್ಕಿದ. ಮಂದಿಯನ್ನು ಹೊರಗೆ ಕಳಿಸಿ ತಾನೊಬ್ಬನೇ ಮೈತೊಳೆದ. ಶಿವದಾರ ತೆಗೆದು ಲಿಂಗವನ್ನು ಅಂಗೈಯಲ್ಲಿಟ್ಟ. ವಿಭೂತಿ ಬಳಿದ, ರುಮಾಲು ಸುತ್ತಿದ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿ ತಲೆ ನೆಟ್ಟಗೆ ನಿಲ್ಲಿಸಿದ. ಇಷ್ಟು ಚಂದ ಕೂತ ಹೆಣವನ್ನು ನಿಂಬರ್ಗಾ ಕಂಡಿರಲಿಲ್ಲ. ಜೀವ ಇದ್ದಂಗೇ ಅದ ನೋಡ್ರಿ ಎಂದು ಬಂದವರೆಲ್ಲ ಹೇಳಿದರು.

ಮರುದಿನ ಬೆಳಿಗ್ಗೆ ಹೊಲದ ದಂಡೆಯಲ್ಲಿ ಗುಂಡಿ ತೋಡಿ, ಅದರ ಬದಿಗೆ ಗೂಡು ಕೊರೆದು, ದೌಲತರಾಯನನ್ನು ಗೂಡಿನಲ್ಲಿ ಕೂರಿಸಿದರು. ಮುಂದೆ ನಡೆದದ್ದು ಕಲ್ಯಾಣಪ್ಪನ ಯೋಜನೆಯಲ್ಲಿ ಇರಲಿಲ್ಲ. ವಿಧಿ ಮಾಡಿಸಲು ಬಂದ ಅಯ್ಯನವರು ಪತ್ರಿ, ವಿಭೂತಿ ಇಡಿಸಿ, ಪದ್ಧತಿಯಂತೆ ಉಪ್ಪು ಕೇಳಿದರು. ಮಲ್ಕಪ್ಪ ಅರ್ಧ ಚೀಲ ತಂದಿಟ್ಟಿದ್ದ. "ಉಪ್ಪು ಹಾಕಿದ್ರ ದೇಹ ಲಗೂ ಮಣ್ಣಾಗ ಕರಗತದ, ಜೀವಕ್ಕ ಬಿಡುಗಡಿ" ಎಂದರು ಅಯ್ಯನವರು, ಎಲ್ಲ ಮಣ್ಣಿನಲ್ಲಿಯೂ ಹೇಳುವಂತೆ. ಉಪ್ಪು ಎಂದ ಕೂಡಲೇ ಕಲ್ಯಾಣಪ್ಪನಿಗೆ ಆ ರೊಟ್ಟಿ ಕಣ್ಣ ಮುಂದೆ ಬಂತು. ಉಂಡೀಯೇನು ಎಂಬ ದನಿ ಕಿವಿಯಲ್ಲೇ ಇತ್ತು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ತಾಯಿ ಹೇಳುತ್ತಿದ್ದಳು. ಅವನು ಎದ್ದು ಊರೊಳಗಿನ ಅಂಗಡಿಗೆ ಹೋಗಿ, ಇದ್ದಬದ್ದ ಹರಳುಪ್ಪನ್ನೆಲ್ಲ ಕೊಂಡು, ಬಂಡಿಯಲ್ಲಿ ಹೇರಿಕೊಂಡು ಬಂದ. ಐದು ಚೀಲ. ಒಂದೊಂದನ್ನೂ ತಾನೇ ಬಿಚ್ಚಿ, ಬೊಗಸೆ ಬೊಗಸೆಯಾಗಿ ಅಣ್ಣನ ತೊಡೆಯ ಮೇಲೆ, ಎದೆಯ ಸುತ್ತ, ಕೊರಳ ಸುತ್ತ, ಮುಖ ಮುಚ್ಚಿ ರುಮಾಲಿನ ಮಟ್ಟ ತುಂಬಿದ. ತುಂಬುತ್ತಾ ದೊಡ್ಡ ದನಿಯಲ್ಲಿ ಅತ್ತ. ಅದು ನಟನೆಯಲ್ಲ. ಎರಡು ದಿನದಲ್ಲಿ ಅವನು ಯೋಚಿಸದೆ ಮಾಡಿದ ಕೆಲಸ ಅದೊಂದೇ. ಗೂಡಿಗೆ ಹಾಸುಗಲ್ಲು ಮುಚ್ಚಿ ಗುಂಡಿಗೆ ಮಣ್ಣೆಳೆದರು.

ಗೊಬ್ಬೂರದವರು ವಿಚಾರಿಸಲು ಬಂದಾಗ ಮಲ್ಕಪ್ಪ ಚಹಾ ಕೊಟ್ಟು, "ನಮ್ಮ ಕಾಕಾ ದವಾಖಾನ್ಯಾಗ ನೌಕರಿ ಮಾಡ್ತಾರ" ಎಂದಷ್ಟೇ ಹೇಳಿದ. ಮನೆಯ ಹಿರಿಯ ಸತ್ತ ವರ್ಷ ಮದುವೆ ಬೇಡವೆಂದು ತಡೆದು, ಮರುವರ್ಷದ ಯುಗಾದಿ ಕಳೆದ ಮೇಲೆ ವೀಳ್ಯ ಹಿಡಿದರು. ಕಾರಹುಣ್ಣಿಮೆಯ ಹಿಂದೆಯೇ ಮದುವೆ. ಕಲ್ಯಾಣಪ್ಪ ಸೀರೆ ತಂದ. ಶಾರದಾ ಅದನ್ನು ದಿನಕ್ಕೆರಡು ಸಲ ಬಿಚ್ಚಿ ಮಡಿಸುತ್ತಿದ್ದಳು. ಅವನು ಊಟ ಮಾಡುತ್ತಿದ್ದ, ಆದರೆ ರೊಟ್ಟಿಯ ಮೇಲೆ ಉಪ್ಪು ಖಾರ ಹಚ್ಚಿಕೊಳ್ಳುವುದನ್ನು ಬಿಟ್ಟಿದ್ದ. ಏಕೆ ಎಂದು ಮಗಳು ಕೇಳಿದರೆ, ಬಿ.ಪಿ. ಎಂದ.

ಆ ಹೊತ್ತಿಗೆ ನಿಂಬರ್ಗಾದಲ್ಲಿ ಬದುವಿನ ಜಗಳ ಎದ್ದಿತು. ಪಕ್ಕದ ಹೊಲದ ಸಾತಲಿಂಗಪ್ಪ ಕುಡಿದು, "ನಿಮ್ಮಪ್ಪ ಹೋದಂಗ ನೀನೂ ಹೋಗ್ತೀದಿ ಲೇ" ಎಂದು ಮಲ್ಕಪ್ಪನಿಗೆ ಕೂಗಿದ. ಮಾತು ಅಷ್ಟೇ. ಮಲ್ಕಪ್ಪ ಅದನ್ನು ಹಿಡಿದುಕೊಂಡ. ಗಟ್ಟಿಮುಟ್ಟಾಗಿದ್ದ ಅಪ್ಪ ಮನೆಯಲ್ಲಿ ಯಾರೂ ಇಲ್ಲದ ದಿನವೇ ಹೋದದ್ದು ಹೇಗೆ? ಸಾತಲಿಂಗಪ್ಪನೇ ಹುಳದ ಎಣ್ಣೆ ಹಾಕಿ ಕೊಂದಿದ್ದಾನೆ ಎಂದು ಠಾಣೆಗೆ ಹೋಗಿ ಬರೆದುಕೊಟ್ಟ. ಫೌಜದಾರರು ಸಾತಲಿಂಗಪ್ಪನನ್ನು ಒಳಗೆ ಹಾಕಿದರು. ಅವನ ಹೆಂಡತಿ ಎರಡು ಕೂಸು ಕಟ್ಟಿಕೊಂಡು ಠಾಣೆಯ ಮುಂದೆ ಕೂತಳು. ಕಲ್ಯಾಣಪ್ಪ ಅತ್ತ ಹಾಯುವಾಗ ತಲೆ ತಗ್ಗಿಸಿಕೊಂಡು ಹಾಯ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ತಾನಲ್ಲ ಎಂದುಕೊಂಡ. ಆದರೂ ಆ ಕೂಸುಗಳ ಅಳು ಮನೆಯವರೆಗೆ ಬಂತು.

ಅದರ ಹಿಂದೆಯೇ ಗೊಬ್ಬೂರದಿಂದ ಹುಡುಗನ ಸೋದರಮಾವ ಬಂದ. "ತಪ್ಪು ತಿಳೀಬ್ಯಾಡ್ರಿ. ಕೊಲಿ ಕೇಸ್ ಇರೋ ಮನಿ ಹೆಣ್ಣು ಅಂತ ಊರಾಗ ಮಂದಿ ಮಾತಾಡಾಕತ್ತಾರ. ಕೇಸ್ ಮುಗೀಲಿ, ಆಮ್ಯಾಲ ನೋಡೋಣ್ರಿ."

ಆಮೇಲೆ ಎಂದರೆ ಯಾವಾಗ? ಕೋರ್ಟಿನ ಕೇಸುಗಳು ಎಷ್ಟು ವರ್ಷ ಎಳೆಯುತ್ತವೆಂದು ಕಲ್ಯಾಣಪ್ಪನಿಗೆ ಗೊತ್ತಿತ್ತು. ಶಾರದಾ ಅಂದು ಸೀರೆಯನ್ನು ಬಿಚ್ಚದೆ ಪೆಟ್ಟಿಗೆಯ ತಳಕ್ಕೆ ಇಟ್ಟಳು. ರಾತ್ರಿಯೆಲ್ಲ ಯೋಚಿಸುವ ಅಗತ್ಯ ಅವನಿಗೆ ಬೀಳಲಿಲ್ಲ, ದಾರಿ ಎದುರಿಗೇ ಇತ್ತು. ಸಮಾಧಿ ತೆಗೆಸಿದರಾಯಿತು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿದೆ. ಎಲುಬು ಸಿಗುತ್ತದೆ, ಎಲುಬಿನಲ್ಲಿ ಏನೂ ಸಿಗುವುದಿಲ್ಲ. ವಿಷ ಹುಡುಕಿದರೆ ವಿಷವೂ ಇಲ್ಲ. ಸಾತಲಿಂಗಪ್ಪ ಮನೆಗೆ ಹೋಗುತ್ತಾನೆ, ಕೇಸು ಹರಿಯುತ್ತದೆ, ಮಗಳು ಗೊಬ್ಬೂರಕ್ಕೆ ಹೋಗುತ್ತಾಳೆ. ಹಗ್ಗದ ಎಲ್ಲ ತುದಿಗಳೂ ಒಂದೇ ಗಂಟಿಗೆ ಬಂದವು.

ಸುಭದ್ರಾಬಾಯಿ ಒಪ್ಪಲಿಲ್ಲ. "ಮಣ್ಣ ಕೊಟ್ಟವರನ್ನ ಯಾರರೆ ಎಬ್ಬಸ್ತಾರೇನ್ರಿ ಮೈದುನಾ?"

"ವೈನಿ, ಅನುಮಾನ ಇಟಗೊಂಡು ಅಣ್ಣ ಹ್ಯಾಂಗ ಸುಮ್ನ ಕೂಡಬೇಕು? ಒಂದ್ಸಲಕ್ಕ ಮುಗದು ಹೋಗಲಿ. ನಾನೇ ಮುಂದ ನಿಂದರತೇನಿ."

ಮನೆಯಲ್ಲಿ ಶಾರದಾ ಅವನ ಕೈಗೆ ನೀರು ಹಾಕುತ್ತಾ, "ನನ್ನ ಲಗ್ನದ ಸಲುವಾಗಿ ದೊಡ್ಡಪ್ಪನ್ನ ಎಬ್ಬಸಬ್ಯಾಡ್ರಿ ಅಪ್ಪಾ. ಆಗದಿದ್ರ ಆಗವಲ್ದು. ನಾ ನಿಮ್ಮ ಹತ್ರನೇ ಇರ್ತೇನಿ" ಎಂದಳು. ಅವನು ಕೈ ಒರೆಸಿಕೊಂಡ.

ಠಾಣೆಗೆ ಹೋಗಿ ತಾನಾಗಿ ಹೇಳಿಕೆ ಬರೆಸಿದ: ಮೈತೊಳೆದು ಕೂರಿಸಿದವನು ನಾನೊಬ್ಬನೇ, ಇಪ್ಪತ್ಮೂರು ವರ್ಷ ಹೆಣ ನೋಡಿದ ಕಣ್ಣು ನನ್ನದು, ಕೊರಳು ಮೊದಲುಗೊಂಡು ಮೈಮೇಲೆಲ್ಲೂ ಒಂದು ಗೀರೂ ಇರಲಿಲ್ಲ, ಬೇಕಾದರೆ ಸಮಾಧಿ ತೆಗೆಸಿ ನೋಡಿ. ಕೆಳಗೆ ಸಹಿ ಹಾಕಿದ. ಆಳಂದದ ಹೊಸ ಡಾಕ್ಟರು ಹೂತ ಹೆಣ ನೋಡಿದವರಲ್ಲವಾದ್ದರಿಂದ ತಹಶೀಲ್ದಾರರು ಜೇವರ್ಗಿಯಿಂದ ಶರಫುದ್ದೀನ ಸಾಹೇಬರನ್ನು ಕರೆಸಿದರು. ಸಾಹೇಬರು ಜೀಪಿನಿಂದ ಇಳಿದವರೇ ಕಲ್ಯಾಣಪ್ಪನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮಣ್ಣನ ಕೆಲಸ ನೀ ಮಾಡಬ್ಯಾಡ. ಬ್ಯಾರೆ ಯಾರರೆ ಅಗೀಲಿ."

"ಇಲ್ರಿ ಸಾಹೇಬ್ರ. ನನ್ನ ಕೈಲೇ ಕೂಡಿಸೇನಿ, ನನ್ನ ಕೈಲೇ ತೆಗೀತೇನಿ."

ತಹಶೀಲ್ದಾರರು, ಪಂಚರು, ಫೌಜದಾರರು ಗಾಳಿ ನೋಡಿಕೊಂಡು ದೂರ ನಿಂತರು, ಮೂಗಿಗೆ ಬಟ್ಟೆ ಕಟ್ಟಿಕೊಂಡರು. ಕಲ್ಯಾಣಪ್ಪ ಕಟ್ಟಿಕೊಳ್ಳಲಿಲ್ಲ. ಮಣ್ಣು ಎಳೆದ, ಹಾರೆ ಹಾಕಿ ಹಾಸುಗಲ್ಲನ್ನು ಈಚೆಗೆ ಸರಿಸಿದ. ಇಪ್ಪತ್ಮೂರು ವರ್ಷದ ಅಭ್ಯಾಸದಿಂದ ಮೂಗು ತನ್ನಷ್ಟಕ್ಕೆ ವಾಸನೆಗೆ ಸಿದ್ಧವಾಯಿತು. ವಾಸನೆ ಬರಲಿಲ್ಲ. ಗೂಡಿನೊಳಗೆ ಎಲುಬಿನ ಗುಡ್ಡೆಯೂ ಇರಲಿಲ್ಲ. ಬೆಳ್ಳಗೆ ಗಚ್ಚಿನ ಹಾಗೆ ಹೆಪ್ಪುಗಟ್ಟಿದ ಗೋಡೆಯೊಂದಿತ್ತು, ಅದರ ಮೇಲೆ ಒಂದು ರುಮಾಲು.

ಶರಫುದ್ದೀನ ಸಾಹೇಬರು ಗುಂಡಿಗಿಳಿದು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಬಿಳಿ ಹೆಂಟೆಗಳು ಉದುರಿದವು. ಒಳಗೆ ದೌಲತರಾಯ ಕೂತಿದ್ದ. ಒಣಗಿ ಕಪ್ಪಾಗಿದ್ದರೂ ಅವನೇ: ಅದೇ ಮೂಗು, ಅದೇ ಮೀಸೆ, ಮಗ ಗುರುತು ಹಿಡಿದು ಅಳುವಷ್ಟು. ಸಾಹೇಬರು ಕೊರಳ ಬಟ್ಟೆಯನ್ನು ಕತ್ತರಿಸಿ ತೆಗೆದರು. ಅದರಡಿಯ ಚರ್ಮದ ಮೇಲೆ ಎರಡು ಬೆರಳಗಲದ ಕಂದು ಪಟ್ಟೆ ಸುತ್ತಿತ್ತು. ಪಟ್ಟೆಯ ನಡುವೆ, ಚರ್ಮದೊಳಗೆ ಒತ್ತಿ ಅಚ್ಚಾದಂತೆ, ಶಿವದಾರದ ಹುರಿಯ ಗೆರೆ. ಶಿವದಾರ ಸ್ವತಃ ಅಂಗೈಯಲ್ಲಿ ಲಿಂಗದ ಜೊತೆಗಿತ್ತು. ಅದನ್ನು ಕೊರಳಿಂದ ತೆಗೆಯುವ ಮೊದಲೇ, ಕೊರಳು ಇನ್ನೂ ಉಸಿರಾಡುತ್ತಿದ್ದಾಗಲೇ, ಯಾರೋ ಅದರ ಮೇಲೆ ಬಟ್ಟೆ ಬಿಗಿದಿದ್ದರು. ಇದನ್ನು ಓದಲು ಡಾಕ್ಟರೇ ಆಗಬೇಕಿರಲಿಲ್ಲ. ಮೈತೊಳೆದವನ ಕಣ್ಣು ಅದನ್ನು ಕಾಣದೆ ಇರುವುದೂ ಸಾಧ್ಯವಿರಲಿಲ್ಲ.

ಸಾಹೇಬರು ಬಿಳಿ ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡಿ ನೋಡಿದರು. "ಇಷ್ಟು ಉಪ್ಪು ಯಾರು ಹಾಕಿದ್ರು?" ಎಂದು ಕೇಳಿದರು. ಮೇಲಿನಿಂದ ಸುಭದ್ರಾಬಾಯಿ, ಅಳುವಿನ ನಡುವೆಯೂ ಮೈದುನನ ಮೇಲಿನ ಅಭಿಮಾನ ಬಿಡದೆ ಹೇಳಿದಳು, "ನಮ್ಮ ಕಲ್ಯಾಣಪ್ಪನೇರಿ. ಐದು ಚೀಲ. ಕೈಲೇ ತುಂಬ್ಯಾರ." ಸಾಹೇಬರು ಆಗ ಕಲ್ಯಾಣಪ್ಪನ ಮುಖ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ನೀರಿತ್ತು. ಹಳೆಯ ದಿನಗಳಲ್ಲಿ ಹೆಣದ ಮನೆಯಲ್ಲಿ ಕೇಳುತ್ತಿದ್ದಂತೆಯೇ, ಮೆಲ್ಲಗೆ, ಅವನೊಬ್ಬನಿಗೇ ಕೇಳುವಂತೆ ಕೇಳಿದರು: "ಕಲ್ಯಾಣಪ್ಪ, ಕರುಳಿನ ತುಂಡು ಬಾಟಲ್ಯಾಗ ಹಾಕಿದ ಮ್ಯಾಲ ಉಪ್ಪುನೀರು ಯಾಕ ತುಂಬತೀವಿ, ಹೇಳು ನೋಡೋಣು?" ಕಲ್ಯಾಣಪ್ಪ ತನ್ನ ಎರಡೂ ಕೈ ನೋಡಿಕೊಂಡ. ಬೆರಳ ಸಂದಿನಲ್ಲಿ ಬಿಳಿ ಹರಳುಗಳು ಅಂಟಿದ್ದವು. ವರ್ಷಗಟ್ಟಲೆ ಒಂದು ಸಲವೂ ತಪ್ಪದೆ ಹೇಳಿದ ಉತ್ತರ ಬಾಯಿಂದ ತಾನಾಗಿ ಹೊರಬಂತು. "ಕೆಡಬಾರದಂತ್ರಿ, ಸಾಹೇಬ್ರ."